ಸೇವಕರ ಪರಿಚಯದ ಮೂರನೆಯ ಓದು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ ಎನ್ನುವುದರಲ್ಲೇ ನನಗೆ ಒಂದು ವಾರ ಕಳೆಯಿತು. ಮೊದಲು ಗಂಟೆಯಿಂದ ಶುರು ಮಾಡಿದ್ದೆ. ‘ಚರ್ಚಿನ ಗಂಟೆ ಢಣ್ಣೆಂದಿತು’ ಎಂದು ಬರೆದು, ಚಹಾ ಕುಡಿದು ಬಂದು ಓದಿದರೆ ನನಗೇ ನಾಚಿಕೆಯಾಯಿತು. ಚರ್ಚಿನ ಕಥೆ ಎಂದಾಕ್ಷಣ ಗಂಟೆ ಬಾರಿಸುವ ಲೇಖಕನನ್ನು ಯಾರು ತಾನೇ ನಂಬುತ್ತಾರೆ? ಹರಿದು ಹಾಕಿದೆ. (ಕಂಪ್ಯೂಟರಿನಲ್ಲಿ ಬರೆದದ್ದನ್ನು ಹರಿಯುವುದು ಹೇಗೆ ಎಂದು ಕೇಳಬೇಡಿ. ಲೇಖಕರೆಂದರೆ ಹರಿದು ಹಾಕುವವರು ಎಂದು ನೀವು ನಂಬಿದ್ದೀರಿ, ಆ ಮರ್ಯಾದೆ ಉಳಿಯಲಿ.)

ಎರಡನೆಯ ಡ್ರಾಫ್ಟಿನ ಮೊದಲ ಸಾಲಿನಲ್ಲೇ ಒಂದು ಹೆಣ ಇತ್ತು. ಅದನ್ನೂ ಬಿಟ್ಟೆ. ಹೆಣ ಮುಂದೆ ಬಂದೇ ಬರುತ್ತದೆ, ಅವಸರವಿಲ್ಲ.

ಈಗ ಉಳಿದಿರುವುದು ಒಂದು ಹಾಳೆ. ಒಂದು ಪ್ರೊಟೆಸ್ಟೆಂಟ್ ಚರ್ಚಿನ ಆಫೀಸಿನಲ್ಲಿ, ಎಲ್ಲರೂ ‘ಆಫೀಸಮ್ಮ’ ಎಂದು ಕರೆಯುವ ಗುಮಾಸ್ತೆ ಟೈಪ್ ಮಾಡಿದ ಹಾಳೆ. ಹೀಗಿದೆ:

ನಮ್ಮ ಸೇವಕರ ಪರಿಚಯ.
ಹಿರಿಯ ಸಭಾಪಾಲಕರು: ಮೂವತ್ತೊಂದು ವರ್ಷಗಳಿಂದ ಸೇವೆಯಲ್ಲಿದ್ದಾರೆ. ದೇವರ ವಾಕ್ಯವನ್ನು ಎಡೆಬಿಡದೆ ಸಾರುವವರು.
ಸಹಾಯಕ ಸಭಾಪಾಲಕರು: ಯುವಜನರಿಗೆ ಅಚ್ಚುಮೆಚ್ಚು. ಎಂಥ ಸಂದರ್ಭದಲ್ಲೂ ಮುಖದ ನಗು ಮಾಸದವರು.
ಸಂಗೀತದ ಮುಂದಾಳು: ಹೊಸದಾಗಿ ಸೇರಿದ್ದಾರೆ. ಸಂಗೀತದಲ್ಲಿ ಪದವೀಧರೆ. ಎಡಗಾಲು ಎಳೆಯುತ್ತಾರೆ, ತಾಳ ಎಳೆಯುವುದಿಲ್ಲ. ಹಾಡಿನ ಹಲಗೆಯ ಅಂಕಿಗಳನ್ನು ಇವರೇ ನೇರ ಮಾಡಬೇಕು, ಬೇರೆಯವರು ಮುಟ್ಟುವಂತಿಲ್ಲ. ಚರ್ಚಿನ ಹಿಂದಿನ ಎರಡು ಕೋಣೆಯ ಮನೆಯಲ್ಲಿ ತಂಗಿಯೊಂದಿಗೆ ವಾಸ.

(ಹಾಡಿನ ಹಲಗೆ ಎಂದರೆ ಆ ದಿನ ಹಾಡುವ ಹಾಡುಗಳ ಸಂಖ್ಯೆ ತೋರಿಸುವ, ಗೋಡೆಯ ಮೇಲಿನ ಹಲಗೆ.) ಓದುವಾಗ ಏನೂ ತಪ್ಪು ಕಾಣುವುದಿಲ್ಲ ಅಲ್ಲವೇ? ಆದರೆ ಹೊಸದಾಗಿ ಸೇರಿದ ಆ ಹುಡುಗಿಯ ಎರಡು ಕಾಲೂ ನೆಟ್ಟಗಿವೆ. ಅವಳಿಗೆ ತಂಗಿ ಇಲ್ಲ. ಊರಿನ ಆ ತುದಿಯಲ್ಲಿ, ಹೊಲಿಗೆ ಕೆಲಸದ ತಾಯಿಯ ಜೊತೆ ಇದ್ದಾಳೆ. ಕೊನೆಯ ಮೂರು ಸಾಲು ಅವಳವಲ್ಲ. ಅವಳ ಹಿಂದೆ ಆ ಕೆಲಸದಲ್ಲಿದ್ದವಳವು. ಅವಳು ಆಫೀಸಮ್ಮನ ಅಕ್ಕ. ಅಕ್ಕ ಹೋದ ವರ್ಷ ತೀರಿಕೊಂಡಳು.

೨

ತಪ್ಪು ಆಗಿದ್ದು ಹೀಗೆ. ಆಫೀಸಮ್ಮ ಹೊಸ ಹಾಳೆಯನ್ನು ಎಂದೂ ಹೊಸದಾಗಿ ಶುರು ಮಾಡುವವಳಲ್ಲ. ಹಳೆಯ ಫೈಲು ತೆಗೆದು, ಹಳೆಯದರ ಮೇಲೆ ಹೊಸದನ್ನು ಟೈಪಿಸಿ, ಉಳಿದದ್ದನ್ನು ಅಳಿಸುತ್ತಾಳೆ. ಹದಿನೆಂಟು ವರ್ಷದಿಂದ ಹಾಗೇ. ಈ ಸಲ ಹಿರಿಯ ಪಾಲಕರು ಬಂದು ಅವಳ ಮೇಜಿಗೆ ಒರಗಿ ನಿಂತಿದ್ದರು. ಸಭೆಯವರು ಇವರನ್ನು ದೊಡ್ಡಯ್ಯನವರು ಎನ್ನುತ್ತಾರೆ, ಸಹಾಯಕರನ್ನು ಚಿಕ್ಕಯ್ಯನವರು ಎನ್ನುತ್ತಾರೆ.

“ಸ್ವಲ್ಪ ಉಪ್ಪುಖಾರ ಹಾಕಿ ಬರಿಯಮ್ಮ,” ಎಂದರು ದೊಡ್ಡಯ್ಯನವರು. “ಹೋದ ವರ್ಷದ್ದು ಔಷಧಿ ಚೀಟಿ ಓದಿದ ಹಾಗಿತ್ತು.”

ಅವಳು ಉಪ್ಪುಖಾರ ಹಾಕಿದಳು. ದೊಡ್ಡಯ್ಯನವರಿಗೆ ‘ಎಡೆಬಿಡದೆ’ ಬಂತು, ಚಿಕ್ಕಯ್ಯನವರಿಗೆ ‘ನಗು ಮಾಸದವರು’ ಬಂತು. ಸಂಗೀತದ ಮುಂದಾಳಿನ ಸಾಲುಗಳಿಗೆ ಬರುವಾಗ ಅವಳ ಬೆರಳು ಅಳಿಸುವ ಕೀ ಮೇಲೆ ಕೂತಿತು, ಎರಡು ಸಾಲು ಅಳಿಸಿತು, ನಿಂತಿತು. ಬೇಕೆಂದೇ ನಿಂತಿತೋ ತನ್ನಷ್ಟಕ್ಕೆ ನಿಂತಿತೋ ನನಗೆ ಗೊತ್ತಿಲ್ಲ. ಅವಳನ್ನು ಕೇಳಿದೆ. ಅವಳಿಗೂ ಗೊತ್ತಿಲ್ಲ.

ಈ ಸಭೆಗೆ ಒಂದು ಪದ್ಧತಿ ಇದೆ. ಮದುವೆಯ ಪ್ರಕಟಣೆಯನ್ನು ಮೂರು ಭಾನುವಾರ ಓದುವ ಹಾಗೆ ಇಲ್ಲಿ ಸೇವಕರ ಪರಿಚಯವನ್ನೂ ಮೂರು ಭಾನುವಾರ ಓದುತ್ತಾರೆ. ಪ್ರತಿಯೊಬ್ಬರದೂ ಮುಗಿದಾಗ ಸಭೆ ‘ಆಮೆನ್’ ಎನ್ನುತ್ತದೆ. ಮೂರನೆಯ ಓದು ಶುರುವಾಗುವ ತನಕ ತಿದ್ದಬಹುದು. ಮೂರನೆಯದಾದರೆ ಮುಗಿಯಿತು, ಹಾಳೆಗೆ ಚೌಕಟ್ಟು ಹಾಕಿ ಬಾಗಿಲ ಪಕ್ಕ ತೂಗುಹಾಕುತ್ತಾರೆ.

ಮೊದಲ ಭಾನುವಾರ ಚಿಕ್ಕಯ್ಯನವರು ಓದಿದರು. ಸಂಗೀತದ ಸಾಲಿಗೆ ಬರುವ ಹೊತ್ತಿಗೆ ಅರ್ಧ ಸಭೆಯ ಮನಸ್ಸು ಮನೆಯ ಒಲೆಯ ಮೇಲಿತ್ತು. ‘ಎಡಗಾಲು ಎಳೆಯುತ್ತಾರೆ’ ಎಂದದ್ದಕ್ಕೂ ಆಮೆನ್, ‘ತಂಗಿಯೊಂದಿಗೆ ವಾಸ’ಕ್ಕೂ ಆಮೆನ್. ಕೀಬೋರ್ಡಿನ ಪಕ್ಕ ಎದ್ದು ನಿಂತಿದ್ದ ಹೊಸಬಳು ಮಾತ್ರ ಕಣ್ಣು ಪಿಳಿಪಿಳಿ ಬಿಟ್ಟಳು. ಮೊದಲ ದಿನವೇ ದೊಡ್ಡವರ ತಪ್ಪು ಎತ್ತಿ ಆಡುವುದು ಹೇಗೆಂದು ಸುಮ್ಮನಾದಳು. ಕೊನೆಯ ಬೆಂಚಿನಲ್ಲಿದ್ದ ಆಫೀಸಮ್ಮನಿಗೆ ಅದು ಅಕ್ಕನ ಸಾಲು ಎಂದು ಹೊಳೆಯಿತು. ತಿದ್ದಲು ಇನ್ನೂ ಹೊತ್ತಿದೆ ಎಂದುಕೊಂಡಳು.

೪

(ಮೂರು ಎಲ್ಲಿ ಎಂದು ಹಿಂದೆ ಮುಂದೆ ಪುಟ ತಿರುವಬೇಡಿ. ಅಂಕಿ ತಪ್ಪಿಲ್ಲ. ಇಟ್ಟುಕೊಂಡಿದ್ದೇನೆ.)

ಸೋಮವಾರ ದೊಡ್ಡಯ್ಯನವರು ನಲ್ಲಿಯ ಎದುರು ನಿಂತು ದೇವರ ವಾಕ್ಯದ ಪ್ರಸಂಗ ಮಾಡುತ್ತಿದ್ದರು. ಬಕೆಟ್ಟು ತುಂಬಿ ನೀರು ಹರಿದುಹೋಗುತ್ತಿತ್ತು. ಅವರ ಹೆಂಡತಿ ನಲ್ಲಿ ನಿಲ್ಲಿಸಿದರು, ಇವರನ್ನು ನಿಲ್ಲಿಸಲಾಗಲಿಲ್ಲ. ಊಟದ ತುತ್ತು ಬಾಯಲ್ಲಿರುವಾಗಲೂ ಮಾತು ಹೊರಬರುತ್ತಿತ್ತು. ಅವರ ಕಣ್ಣು ಮಾತ್ರ ‘ಯಾರಾದರೂ ಹಿಡಿಯಿರಪ್ಪ’ ಎನ್ನುವಂತಿತ್ತು.

ಬುಧವಾರ ಒಂದು ಮಗುವಿನ ಅಂತ್ಯಕ್ರಿಯೆ. ಚಿಕ್ಕಯ್ಯನವರು ಪೆಟ್ಟಿಗೆಯ ತಲೆಯ ಕಡೆ ನಿಂತು ನಗುತ್ತಿದ್ದರು. ಸದ್ದಿಲ್ಲ, ಬರೀ ನಗುಮುಖ. ಮಗುವಿನ ಅಜ್ಜ ಎರಡು ಸಲ ಕೆಮ್ಮಿ ಸೂಚನೆ ಕೊಟ್ಟರು. ಚಿಕ್ಕಯ್ಯನವರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಕೈಯ ಮೇಲೆ ಕಣ್ಣೀರು ಇಳಿಯುತ್ತಿತ್ತು, ಕೈಯ ಹಿಂದೆ ನಗು ಹಾಗೇ ಇತ್ತು.

“ಮನೆಯಲ್ಲೂ ಹೀಗೇ ಕಣ್ರೀ,” ಎಂದರು ಅವರ ಹೆಂಡತಿ ಆಫೀಸಮ್ಮನ ಹತ್ತಿರ. “ನಿನ್ನೆ ಬೇಕಂತಲೇ ಜಗಳ ತೆಗೆದೆ. ನಕ್ಕರು. ನಂಗೆ ಅವರ ಪಕ್ಕ ಕೂತ್ಕೊಳ್ಳೋಕೇ ಹೆದರಿಕೆ ಆಗ್ತಿದೆ.”

(ಇಷ್ಟು ವರ್ಷ ಆಗದ್ದು ಈಗೇಕೆ ಆಯಿತು ಎಂದು ಕೇಳುತ್ತೀರಿ. ಇಷ್ಟು ವರ್ಷ ಇದ್ದುದನ್ನೇ ಓದುತ್ತಿದ್ದರು. ಇದ್ದುದಕ್ಕೆ ಆಮೆನ್ ಅಂದರೆ ಇದ್ದ ಹಾಗೇ ಇರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲದ್ದನ್ನು ಓದಿದ್ದು ಇದೇ ಮೊದಲು. ಈ ವಿವರಣೆ ನನಗೂ ಪೂರ್ತಿ ಒಪ್ಪಿಗೆಯಾಗಿಲ್ಲ.)

ಶನಿವಾರ ಹತ್ತು ಗಂಟೆಗೆ ಹಾಡಿನ ಅಭ್ಯಾಸ. ಹೊಸಬಳು ಬಂದಳು. ಕಲ್ಲಿನ ನೆಲದ ಮೇಲೆ ಒಂದು ಹೆಜ್ಜೆಯ ಸದ್ದು, ಅದರ ಹಿಂದೆಯೇ ಸರ್ರನೆ ಎಳೆತ. ಆಫೀಸಿಗೂ ಸಭಾಂಗಣಕ್ಕೂ ನಡುವೆ ಒಂದೇ ಗೋಡೆ. ಆ ಎಳೆತವನ್ನು ಆಫೀಸಮ್ಮ ನಲವತ್ತು ವರ್ಷ ಕೇಳಿದ್ದಾಳೆ. ಎದ್ದು ಬಾಗಿಲಿಗೆ ಹೋದಳು.

ಹೊಸಬಳು ಸ್ಟೂಲು ಹತ್ತಿ ಹಾಡಿನ ಹಲಗೆಯ ಅಂಕಿಗಳನ್ನು ಹೆಬ್ಬೆರಳಿನ ಉಗುರಿನಿಂದ ತಟ್ಟಿ ತಟ್ಟಿ ನೇರ ಮಾಡುತ್ತಿದ್ದಳು. ಹಾಗೆ ಮಾಡುವವಳು ಪ್ರಪಂಚದಲ್ಲಿ ಒಬ್ಬಳೇ ಇದ್ದಳು. ಕೆಲಸ ಮುಗಿಸಿ ಹಿಂತಿರುಗಿ ನೋಡಿ, “ತಂಗೀ, ನೆಟ್ಟಗಿದೆಯಾ ನೋಡೇ,” ಎಂದಳು.

ಎಂದಮೇಲೆ ಅವಳೇ ಬೆಚ್ಚಿಬಿದ್ದಳು. “ಸಾರಿ ಮೇಡಂ. ಯಾಕೆ ಹಾಗಂದೆ ಅಂತ ಗೊತ್ತಾಗಲಿಲ್ಲ. ಕಾಲೂ ಯಾಕೋ ಮರಗಟ್ಟಿದ ಹಾಗಿದೆ.”

“ನೆಟ್ಟಗಿದೆ,” ಎಂದಳು ಆಫೀಸಮ್ಮ.

ಆವತ್ತು ತಿದ್ದಬೇಕಿತ್ತು. ಫೈಲು ತೆರೆದಳು, ಮೂರೂ ಸಾಲನ್ನು ನೋಡಿದಳು, ಮುಚ್ಚಿದಳು.

೫

ಇಲ್ಲಿ ಅವಳು ನನ್ನ ಹತ್ತಿರ ಜಗಳಕ್ಕೆ ಬಂದಳು. ಪಾತ್ರಗಳು ಲೇಖಕನ ಹತ್ತಿರ ಜಗಳಕ್ಕೆ ಬರುವುದು ಹಳೆಯ ಚಾಳಿ, ನನಗೂ ಬೇಜಾರೇ. ಆದರೆ ಇವಳು ಬಂದದ್ದು ನನ್ನ ಮನೆಯ ಬಾಗಿಲಿಗಲ್ಲ. ಬೆಳಿಗ್ಗೆ ಫೈಲು ತೆರೆದರೆ ನನ್ನ ಒಂದು ಸಾಲಿನ ಕೆಳಗೆ, ನಾನು ಟೈಪಿಸದ ಸಾಲು ಇತ್ತು.

“ಸಾರ್, ನಮ್ಮಕ್ಕನ್ನ ಒಂದೇ ವಾಕ್ಯದಲ್ಲಿ ಸಾಯಿಸಿದ್ದೀರಿ. ‘ಹೋದ ವರ್ಷ ತೀರಿಕೊಂಡಳು.’ ಅಷ್ಟೇನಾ?”

“ಕಥೆ ಮುಂದಕ್ಕೆ ಹೋಗಬೇಕಲ್ಲ ತಾಯಿ,” ಎಂದು ಬರೆದೆ.

“ಅದಕ್ಕೇ ಅವಳು ಸರಿಯಾಗಿ ಸತ್ತಿಲ್ಲ.”

“ಹಾಗಾದರೆ ಸರಿಯಾಗಿ ಹೇಳು. ಬರೆಯುತ್ತೇನೆ.”

ಮಾರನೆಯ ದಿನ ಉತ್ತರ ಇತ್ತು. ಅವಳು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ, ಏಕೆಂದರೆ ಅವಳ ಮಾತಿನಲ್ಲಿ ಓದಲು ನನಗೆ ಕಷ್ಟವಾಯಿತು.

ಹೋದ ವರ್ಷ ಒಂದು ಶನಿವಾರ, ಬೆಳಗಿನ ಹೊತ್ತು. ಅಕ್ಕ ಗೋಡೆಯ ಆಚೆ ಹಲಗೆ ನೇರ ಮಾಡುತ್ತಿದ್ದಳು. ಇವಳು ಈಚೆ ವಾರ್ಷಿಕ ಪುಸ್ತಿಕೆಗೆ ಇದೇ ಪರಿಚಯ ಟೈಪಿಸುತ್ತಿದ್ದಳು. ಕಾಲಿನ ಸಾಲನ್ನು ಅಕ್ಕನೇ ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಾ ಹೇಳಿಕೊಟ್ಟಿದ್ದಳು, “ಜನ ಹಿಂದೆ ಆಡ್ಕೊಳ್ಳೋದಕ್ಕಿಂತ ನಾವೇ ಮುಂದೆ ಹೇಳಿಬಿಡೋಣ ಕಣೇ” ಎಂದು. ಕೊನೆಯ ಸಾಲಿನಲ್ಲಿದ್ದಾಗ ಆಚೆ ಧೊಪ್ಪೆಂದು ಸದ್ದಾಯಿತು. ಹಾಡಿನ ಪುಸ್ತಕಗಳ ಕಟ್ಟು ಆಗಾಗ ಕಪಾಟಿನಿಂದ ಬೀಳುತ್ತಿತ್ತು. ಪುಸ್ತಕ ಎಂದುಕೊಂಡಳು. ‘ತಂಗಿಯೊಂದಿಗೆ ವಾಸ’ ಎಂದು ಮುಗಿಸಿ, ಚುಕ್ಕಿ ಇಟ್ಟು, ಸೇವ್ ಮಾಡಿ, ಆಮೇಲೆ ಎದ್ದು ಹೋದಳು.

ಕೂಡಲೇ ಬಂದಿದ್ದರೂ ಏನೂ ಆಗುತ್ತಿರಲಿಲ್ಲ ಎಂದರು ವೈದ್ಯರು. ಅವಳು ನಂಬಲಿಲ್ಲ. ನಾನೂ ನಂಬುವುದಿಲ್ಲ ಎಂದು ಬರೆದರೆ ಕ್ರೂರವಾಗುತ್ತದೆ, ನಂಬುತ್ತೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಮುಂದಕ್ಕೆ ಹೋಗೋಣ.

೬

ಎರಡನೆಯ ಭಾನುವಾರ ಅದೇ ಹಾಳೆ ಓದಿದರು. ದೊಡ್ಡಯ್ಯನವರು ಅವರಷ್ಟಕ್ಕೆ ಅವರು ಪ್ರಸಂಗ ಹೇಳುತ್ತಿದ್ದರು, ಅದರ ಮೇಲೆಯೇ ಚಿಕ್ಕಯ್ಯನವರು ನಗುನಗುತ್ತಾ ಓದಿದರು. ಆಮೆನ್ ಸ್ವಲ್ಪ ಸಣ್ಣಗೆ ಬಂತು, ಆದರೆ ಬಂತು. ಪದ್ಧತಿ ಎಂದರೆ ಪದ್ಧತಿ.

ಸೋಮವಾರ ಬೆಳಿಗ್ಗೆ ಚರ್ಚಿನ ಹಿಂದಿನ ಆಫೀಸಮ್ಮನ ಮನೆಯ ಬಾಗಿಲು ಯಾರೋ ತಟ್ಟಿದರು. ಸೂಟ್‌ಕೇಸು ಹಿಡಿದು ಹೊಸಬಳು ನಿಂತಿದ್ದಳು. ಒಳಗೆ ಬಂದು ಬಾಗಿಲ ಹಿಂದಿನ ಮೊಳೆಗೆ ಚೀಲ ನೇತುಹಾಕಿದಳು. ಆ ಮೊಳೆ ಅಲ್ಲಿರುವುದು ಹೊರಗಿನವರಿಗೆ ಕಾಣುವುದಿಲ್ಲ. ಅಕ್ಕನ ಕನ್ನಡಕವನ್ನು ಕಪಾಟಿನಿಂದ ತೆಗೆದು, ಸೆರಗಿನಲ್ಲಿ ಒರೆಸುವ ಹಾಗೆ ದುಪಟ್ಟಾದಲ್ಲಿ ಒರೆಸಿ ಹಾಕಿಕೊಂಡಳು.

“ಯಾಕೇ ಹೀಗೆ ಸೊರಗಿದೀಯ? ಒಬ್ಬಳೇ ಇದ್ರೆ ಊಟ ಮಾಡೋದೇ ಮರೀತೀಯಲ್ಲ,” ಎಂದಳು.

ಆ ವಾರ ಆಫೀಸಮ್ಮನಿಗೆ ಸುಖವಾಗಿತ್ತು. ಇದನ್ನು ಮುಚ್ಚಿಟ್ಟು ನನಗೇನಾಗಬೇಕು? ಒಂದು ವರ್ಷ ಒಂದೇ ತಟ್ಟೆ ತೊಳೆದವಳು ಎರಡು ತಟ್ಟೆ ತೊಳೆದಳು. ಯಾರೋ ಅವಳ ಹೊದಿಕೆಯನ್ನು ತಮ್ಮ ಕಡೆ ಎಳೆದುಕೊಂಡರು, ಅವಳು ಚಳಿಯಲ್ಲಿ ನಡುಗುತ್ತಾ ನಕ್ಕಳು. ಮುಖ ಬೇರೆ, ದನಿ ಬೇರೆ, ಇಪ್ಪತ್ತೈದು ವರ್ಷ ಚಿಕ್ಕವಳು. ಅಕ್ಕ ಎಂದರೆ ಬರೀ ಮುಖವೇನಲ್ಲವಲ್ಲ. ಕನ್ನಡಿಯ ಮುಂದೆ ಮಾತ್ರ ಹೊಸಬಳು ಒಮ್ಮೊಮ್ಮೆ ನಿಂತುಬಿಡುತ್ತಿದ್ದಳು, ಬಸ್ಸಿನಲ್ಲಿ ಎದುರಿಗೆ ಕೂತ ಯಾರನ್ನೋ ಎಲ್ಲಿ ನೋಡಿದ್ದೇನೆ ಎಂದು ನೆನಪಿಸಿಕೊಳ್ಳುವವಳಂತೆ.

೭

ಶುಕ್ರವಾರ ಆಫೀಸಿಗೆ ಒಬ್ಬ ಹೆಂಗಸು ಬಂದಳು. ಕುತ್ತಿಗೆಯಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು, ಕೈಯಲ್ಲಿ ಒಂದು ಲಂಗ.

“ನಾನು ಹಾಡು ಹೇಳಿಕೊಡೋ ಹುಡುಗಿಯ ತಾಯಿ. ಐದು ದಿನ ಆಯ್ತು ಮನೆಗೆ ಬಂದಿಲ್ಲ. ಫೋನ್ ಮಾಡಿದ್ರೆ, ‘ಯಾರು ಬೇಕಾಗಿತ್ತು?’ ಅಂತಾಳೆ. ಹೆತ್ತ ತಾಯಿಗೆ ಕೇಳೋ ಮಾತಾ ಅದು?”

ಆಫೀಸಮ್ಮ ಕುರ್ಚಿ ತೋರಿಸಿದಳು. ಹೆಂಗಸು ಕೂರಲಿಲ್ಲ. ಲಂಗದ ಅಂಚನ್ನು ಮೇಜಿನ ಮೇಲೆ ಹರಡಿದಳು.

“ಇದು ಹೋದ ವಾರ ಅವಳು ಒಗೆಯೋಕೆ ಬಿಟ್ಟಿದ್ದು. ನೋಡಿ, ಎಡಗಡೆ ಅಂಚು ಸವೆದಿದೆ, ಬಲಗಡೆ ಹೊಸದರ ಹಾಗಿದೆ. ಹುಟ್ಟಿದಾಗಿನಿಂದ ಅವಳಿಗೆ ಬಟ್ಟೆ ಹೊಲಿದಿರೋಳು ನಾನು. ಇದು ನನ್ನ ಮಗಳ ನಡಿಗೆ ಅಲ್ಲ. ಯಾರ ನಡಿಗೆ ಇದು ಮೇಡಂ?”

ಆಫೀಸಮ್ಮ ಲಂಗದಿಂದ ಕಣ್ಣು ತೆಗೆದಳು. ಗೊತ್ತಿಲ್ಲ ಎಂದಳು. ಹದಿನೆಂಟು ವರ್ಷದಲ್ಲಿ ಆ ಮೇಜಿನ ಹಿಂದೆ ಕೂತು ಅವಳು ಹೇಳಿದ ಮೊದಲ ಸುಳ್ಳು ಅದು.

“ನಂಗೆ ಇರೋದು ಅವಳೊಬ್ಬಳೇ,” ಎಂದು ಹೆಂಗಸು ಲಂಗ ಮಡಚಿಕೊಂಡಳು. “ಹುಷಾರಿಲ್ಲ ಅಂದ್ರೆ ನೋಡ್ಕೊಳ್ತೀನಿ. ಕೋಪ ಅಂದ್ರೆ ಕಾಲು ಹಿಡೀತೀನಿ. ನಾನು ಯಾರು ಅಂತಲೇ ಗೊತ್ತಿಲ್ಲ ಅಂದ್ರೆ ಏನು ಮಾಡಲಿ?”

ಶನಿವಾರ ಮಧ್ಯಾಹ್ನ ಆಫೀಸಮ್ಮ, ಹೊಸಬಳು ಇಬ್ಬರೂ ಊಟಕ್ಕೆ ಕೂತರು. ಹೊಸಬಳು ಅನ್ನ ಕಲಸುತ್ತಾ, ತಲೆ ಎತ್ತದೆ, ಇವತ್ತು ಬಿಸಿಲು ಜಾಸ್ತಿ ಎನ್ನುವಷ್ಟೇ ಸಹಜವಾಗಿ ಹೇಳಿದಳು:

“ಆವತ್ತು ಬಿದ್ದಾಗ ನಿನ್ನ ಟೈಪಿಂಗ್ ಸದ್ದು ಕೇಳಿಸ್ತಾನೇ ಇತ್ತು.”

ಆಫೀಸಮ್ಮನ ಕೈ ತಟ್ಟೆಯಲ್ಲೇ ನಿಂತಿತು.

“ನಿಲ್ಲುತ್ತೆ, ಈಗ ನಿಲ್ಲುತ್ತೆ ಅಂತ ಕಾಯ್ತಾ ಇದ್ದೆ. ಅಮ್ಮಾ ಅಂತ ಕರೆದೆ. ಬೇರೆ ಯಾರೂ ನೆನಪಾಗಲಿಲ್ಲ. ಇನ್ನೊಂಚೂರು ಸಾರು ಹಾಕ್ಕೋ, ಅನ್ನ ಒಣಗಿದೆ.”

ದನಿಯಲ್ಲಿ ಕೋಪವೇ ಇರಲಿಲ್ಲ. ಕೋಪವಿದ್ದಿದ್ದರೆ ತಡೆದುಕೊಳ್ಳಬಹುದಿತ್ತು.

೮

ಈಗ ಮುಕ್ತಾಯ ಬೇಕು. ಎರಡು ತಯಾರು ಮಾಡಿ ಆಫೀಸಮ್ಮನಿಗೆ ತೋರಿಸಿದೆ.

ಅ) ಅವಳು ಹಾಳೆ ತಿದ್ದುತ್ತಾಳೆ. ಮಗಳು ತಾಯಿಯ ಮನೆಗೆ ಹೋಗುತ್ತಾಳೆ. ದೊಡ್ಡಯ್ಯನವರು ಬಾಯಿ ಮುಚ್ಚಿ ಕಣ್ತುಂಬ ನಿದ್ದೆ ಮಾಡುತ್ತಾರೆ. ಎಲ್ಲರಿಗೂ ಒಳ್ಳೆಯದಾಗುತ್ತದೆ.

“ನನಗೆ?” ಎಂದು ಕೇಳಿದಳು.

ಆ) ಅವಳು ತಿದ್ದುವುದಿಲ್ಲ. ಅಕ್ಕ ಉಳಿಯುತ್ತಾಳೆ. ಹೊಲಿಗೆಯ ತಾಯಿ ಪ್ರತಿ ಭಾನುವಾರ ಕೊನೆಯ ಬೆಂಚಿನಲ್ಲಿ ಕೂತು ಹೋಗುತ್ತಾಳೆ.

ಇದಕ್ಕೆ ಅವಳು ಬರೆದಳು: “ಅಕ್ಕ ಕರೆದಿದ್ದು ಅಮ್ಮನ್ನ. ಆ ಹುಡುಗಿಗೆ ಅಮ್ಮ ಇನ್ನೂ ಇದ್ದಾಳೆ ಸಾರ್. ಕರೆದ್ರೆ ಬರ್ತಾಳೆ. ಮೊದಲನೆಯದೇ ಇರಲಿ. ನಾನು ಟೈಪ್ ಮಾಡ್ತೀನಿ, ನೀವು ಕೈ ಹಾಕಬೇಡಿ.”

ಸರಿ ಎಂದೆ. ಒಳ್ಳೆಯ ಮುಕ್ತಾಯ, ಧರ್ಮಕ್ಕೂ ಒಪ್ಪುತ್ತದೆ. ಇಲ್ಲಿಗೆ ಮುಗಿಸಿ ಪತ್ರಿಕೆಗೆ ಕಳಿಸಿಬಿಡೋಣ ಎಂದುಕೊಂಡಿದ್ದೆ.

೩

ಮೂರನೆಯ ಭಾನುವಾರ. ಗಂಟೆ ಢಣ್ಣೆಂದಿತು. (ನಾನು ಬರೆದದ್ದಲ್ಲ. ಇದನ್ನು ಹರಿದು ಹಾಕಿದ್ದೆ.)

ಸಭೆ ಕೂತಾಗಿದೆ. ಹೊಲಿಗೆಯ ತಾಯಿ ಕೊನೆಯ ಬೆಂಚಿನಲ್ಲಿದ್ದಾಳೆ. ದೊಡ್ಡಯ್ಯನವರ ಗಂಟಲು ಕಟ್ಟಿದೆ, ತುಟಿ ಮಾತ್ರ ಆಡುತ್ತಿದೆ. ಚಿಕ್ಕಯ್ಯನವರು ಪ್ರಸಂಗಪೀಠದಲ್ಲಿ ನಗುತ್ತಾ ಹಾಳೆಗಾಗಿ ಕಾಯುತ್ತಿದ್ದಾರೆ. ಆಫೀಸಮ್ಮ ಗೋಡೆಯ ಈಚೆ ಟೈಪಿಸುತ್ತಿದ್ದಾಳೆ. ಈ ಸಲ ಹಳೆಯ ಫೈಲು ತೆರೆದಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ಖಾಲಿ ಹಾಳೆಯಿಂದ ಶುರು ಮಾಡಿದ್ದಾಳೆ:

ಹಿರಿಯ ಸಭಾಪಾಲಕರು: ದೇವರ ವಾಕ್ಯವನ್ನು ಸಾರುವವರು, ಸಾಕಾದಾಗ ಸುಮ್ಮನಿರಬಲ್ಲವರು.
ಸಹಾಯಕ ಸಭಾಪಾಲಕರು: ನಗುವ ಕಡೆ ನಗುವವರು, ಅಳುವವರ ಜೊತೆ ಅಳುವವರು.

ಗೋಡೆಯ ಆಚೆ ಒಂದು ಹೆಜ್ಜೆ, ಒಂದು ಎಳೆತ. ಸ್ಟೂಲನ್ನು ಹಲಗೆಯ ಕಡೆ ಸರಿಸಿದ ಸದ್ದು. ಸ್ಟೂಲಿನ ಒಂದು ಕಾಲು ಗಿಡ್ಡ, ಹತ್ತಿದಾಗ ಟಕ್ ಎನ್ನುತ್ತದೆ. ಟಕ್ ಎಂದಿತು. ಉಗುರಿನಿಂದ ಅಂಕಿ ತಟ್ಟುವ ಸದ್ದು, ಒಂದು, ಎರಡು.

ಸಂಗೀತದ ಮುಂದಾಳು: ಹೊಸದಾಗಿ ಸೇರಿದ್ದಾರೆ. ಸಂಗೀತದಲ್ಲಿ ಪದವೀಧರೆ. ಎರಡು ಕಾಲಿನ ಮೇಲೂ ನೆಟ್ಟಗೆ ನಡೆಯುತ್ತಾರೆ. ಊರಿನ ಆ ತುದಿಯಲ್ಲಿ ತಾಯಿಯೊಂದಿಗೆ

ಇನ್ನು ಒಂದೇ ಪದ ಬಾಕಿ. ಎರಡು ಅಕ್ಷರ, ಒಂದು ಚುಕ್ಕಿ. ಅದಾದರೆ ಮಗಳು ತಾಯಿಗೆ ಸಿಗುತ್ತಾಳೆ.

ಆಚೆ ಧೊಪ್ಪೆಂದಿತು.

ಪುಸ್ತಕದ ಕಟ್ಟಿರಬಹುದು. ಆಗಾಗ ಬೀಳುತ್ತದೆ.

ಆಫೀಸಮ್ಮ ಕೀಬೋರ್ಡಿನಿಂದ ಕೈ ಎತ್ತಿದಳು. ಕುರ್ಚಿ ಹಿಂದಕ್ಕೆ ಬಿತ್ತು. ಅವಳು ಓಡಿದಳು. ಒಂದು ಚಪ್ಪಲಿ ಮೇಜಿನ ಕೆಳಗೇ ಉಳಿಯಿತು.

ಆಫೀಸಿನಲ್ಲಿ ಈಗ ಯಾರೂ ಇಲ್ಲ. ಪರದೆಯ ಮೇಲೆ ಕರ್ಸರು ಮಿಣುಕುತ್ತಿದೆ. ಆಚೆ ಬಿದ್ದದ್ದು ಪುಸ್ತಕವೋ ಮನುಷ್ಯರೋ, ಮನುಷ್ಯರಾದರೆ ಅವರು ‘ತಂಗೀ’ ಎಂದರೋ ‘ಅಮ್ಮಾ’ ಎಂದರೋ, ಕೊನೆಯ ಬೆಂಚಿನಿಂದ ಎದ್ದವಳು ಮೊದಲು ತಲುಪಿದಳೋ ಇವಳು ತಲುಪಿದಳೋ, ಇಲ್ಲಿಂದ ನನಗೆ ಕಾಣುವುದಿಲ್ಲ. ನಡುವೆ ಗೋಡೆ ಇದೆ.

ಆ ಒಂದು ಪದವನ್ನು ನೀವೇ ಸೇರಿಸಿ ಬಿಡಿ ಎಂದು ನೀವು ನನಗೆ ಹೇಳುತ್ತಿದ್ದೀರಿ, ಕೇಳಿಸುತ್ತಿದೆ. ನನ್ನ ಬೆರಳೂ ಕೀ ಮೇಲೆಯೇ ಇದೆ. ಸೇರಿಸುವುದಿಲ್ಲ. ಹೋದ ಸಲ ವಾಕ್ಯ ಪೂರ್ತಿ ಆಯಿತು. ಈ ಸಲ ಅದು ಹೀಗೇ ಇರಲಿ. ನೀವೂ ದಯವಿಟ್ಟು ಅದನ್ನು ಮನಸ್ಸಿನಲ್ಲಿ ಮುಗಿಸಬೇಡಿ, ಆಮೆನ್ ಅನ್ನಬೇಡಿ. ಎದ್ದು ಹೋಗಿ, ನಿಮ್ಮ ಮನೆಯ ಗೋಡೆಯ ಆಚೆ ಈಗ ಏನು ಸದ್ದಾಯಿತು ನೋಡಿ. ನಾನೂ ಹೋಗುತ್ತಿದ್ದೇನೆ, ಪಕ್ಕದ ಕೋಣೆಯಲ್ಲಿ